ಜಿಂಕೆಯ ಎಡಗಿವಿ

ನಡುಮನೆಯ ಗೋಡೆಗೆ ಜಿಂಕೆಯ ತಲೆ ನೇತುಹಾಕಿದ ದಿನದಿಂದ ನಮ್ಮತ್ತೆ ಆ ಕಡೆ ನೋಡುವುದನ್ನೇ ಬಿಟ್ಟರು. ಫ್ರಿಜ್ಜು ಅದೇ ಗೋಡೆಗೆ ಇತ್ತಾದ್ದರಿಂದ ಒಂದು ಲೋಟ ನೀರಿಗೂ ನನ್ನನ್ನೇ ಕರೆಯಬೇಕಾಯಿತು.

"ಅದು ಫೈಬರ್ ಐತ್ರಿ ಅತ್ತಿ. ನಿಮ್ಮ ಮಗನ ಶೆಡ್ಡಿನ್ಯಾಗ ಮಾಡಿದ್ದು. ಜೀವ ಇದ್ದದ್ದಲ್ಲ," ಅಂತ ನಾನು ಸಮಾಧಾನ ಹೇಳಿದೆ.

"ಜೀವ ಇದ್ದದ್ದಲ್ಲ ಅಂದ್ರ ಸತ್ತಂಗ ಯಾಕ ಮಾಡ್ಯಾನ? ಮಾಡಾಂವ ಪೂರಾ ಜಿಂಕಿ ಮಾಡಬೇಕಿತ್ತು, ಕಾಲು ಹೊಟ್ಟಿ ಎಲ್ಲಾ ಇಟ್ಟು."

ಬಣ್ಣ ಒಣಗಿದ್ದೇ ತಡ ನಾನು ಹಳೆಯ ಶಾಲೊಂದನ್ನು ತಂದು ಅದರ ಮೋರೆ ಮುಚ್ಚಿದೆ. ಕೊಂಬುಗಳು ಮಾತ್ರ ಶಾಲಿನೊಳಗಿಂದ ಎದ್ದು, ಅದು ಮದುಮಗಳು ತಲೆಮೇಲೆ ಸೆರಗು ಹೊದ್ದು ಕೂತ ಹಾಗೆ ಕಾಣುತ್ತಿತ್ತು.

ನಮ್ಮದು ಕಲಬುರಗಿ ಕಡೆಯ ಮನೆತನ. ಹೈದರಾಬಾದಿಗೆ ಬಂದು ಎಷ್ಟೋ ವರ್ಷವಾದರೂ ರೊಟ್ಟಿ, ವಿಭೂತಿ, ಶ್ರಾವಣ ಮೂರನ್ನೂ ಬಿಟ್ಟಿಲ್ಲ. ನಮ್ಮವರದು ನಾಚಾರಂನಲ್ಲಿ ಒಂದು ಸಣ್ಣ ಶೆಡ್ಡು. ಮೊದಲು ಬಟ್ಟೆ ಅಂಗಡಿಯವರಿಗೆ ಸೀರೆ ಉಡಿಸಿ ನಿಲ್ಲಿಸುವ ಗೊಂಬೆ ಮಾಡುತ್ತಿದ್ದರು. ಆಮೇಲೆ ಫಂಕ್ಷನ್ ಹಾಲಿನ ಬಾಗಿಲಿಗೆ ಆನೆ, ನವಿಲು. ಆ ವರ್ಷ ಅಮೆರಿಕದ ವ್ಯಾಪಾರಿಯೊಬ್ಬರು ಜಿಂಕೆ ತಲೆ ಬೇಕು ಅಂದರು. ಅಲ್ಲಿ ಬೇಟೆಯಾಡಿ ಕೊಂದ ಪ್ರಾಣಿಯ ತಲೆಯನ್ನು ಗೋಡೆಗೆ ಹಾಕಿಕೊಳ್ಳುವುದು ದೊಡ್ಡಸ್ತಿಕೆಯಂತೆ. ಬೇಟೆಗೆ ಹೋಗಲಾರದವರು ಫೈಬರಿನದನ್ನು ಕೊಂಡು ಹಾಕುತ್ತಾರೆ. ನಾವು ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ ಕಟ್ಟುವುದಿಲ್ಲವೆ, ಹಾಗೆ.

ಈ ಜಿಂಕೆ ನಮ್ಮ ಕಡೆಯ ಚಿಗರಿಯಂಥದ್ದಲ್ಲ. ಅಲ್ಲಿಯ ಮರುಭೂಮಿಯದು, ಮ್ಯೂಲ್ ಡಿಯರ್ ಅನ್ನುತ್ತಾರೆ. ಹೇಸರಗತ್ತೆಗೆ ಇರುವಂಥ ಅಗಲವಾದ ಕಿವಿ, ಕವಲೊಡೆದು ಮತ್ತೆ ಕವಲೊಡೆದ ಕೊಂಬು, ಬೂದಿ ಬಳಿದಂಥ ಬಣ್ಣ. ನಮ್ಮವರು ಫೋನಿನಲ್ಲಿ ಚಿತ್ರ ನೋಡಿ ನೋಡಿ ಒಂದು ಮಾದರಿ ಮಾಡಿ ಫೋಟೊ ಕಳಿಸಿದರು. ಅಮೆರಿಕದ ಸಾಹೇಬರು ಒಪ್ಪಲಿಲ್ಲ. ಎಡಗಿವಿ ಹಿಂದಕ್ಕೆ ತಿರುಗಿರಬೇಕು ಅಂದರು. ಸ್ವಲ್ಪ ತಿರುಗಿಸಿ ಮತ್ತೊಂದು ಮಾಡಿದರು. ಸಾಲದು, ಪೂರಾ ಹಿಂದಕ್ಕೆ ಬೇಕು ಅಂದರು.

"ಎರಡೂ ಕಿವಿ ಒಂದೇ ಕಡಿಗಿ ಇದ್ರ ಚಂದ ಕಾಣ್ತದ. ಈ ಮನಷ್ಯಾಗ ಒಂದು ಕಿವಿ ಮ್ಯಾಲೆ ಏನು ಸಿಟ್ಟೋ," ಅಂತ ನಮ್ಮವರು ಗೊಣಗಿಕೊಂಡೇ ಮೂರನೆಯದನ್ನು ಮಾಡಿದರು. ಅದನ್ನು ನೋಡಲು ಸಾಹೇಬರೇ ಹೈದರಾಬಾದಿಗೆ ಬಂದು ಗಚ್ಚಿಬೌಲಿಯಲ್ಲಿ ಇಳಿದುಕೊಂಡರು. ಮಳೆಗೆ ಶೆಡ್ಡಿನ ತಗಡು ಸೋರುತ್ತಿತ್ತು, ಹಸಿ ಗಾಳಿಗೆ ಬಣ್ಣ ಒಣಗುತ್ತಿರಲಿಲ್ಲ. ಹಾಗಾಗಿ ತಲೆ ನಮ್ಮ ಮನೆಗೆ ಬಂತು, ಸಾಹೇಬರಿಗೆ ಊಟದ ಆಮಂತ್ರಣ ಹೋಯಿತು.

ಆಮಂತ್ರಣದ ಜೊತೆಗೆ ನಮ್ಮವರು ಇನ್ನೊಂದನ್ನೂ ಕಳಿಸಿದ್ದರು. ವ್ಯಾಪಾರದ ಮಾತು ಬೆಳೆಸುವ ಉಮೇದಿನಲ್ಲಿ, ನಮ್ಮ ಅಜ್ಜ ದೊಡ್ಡ ಶಿಕಾರಿ ಇದ್ದರು ಅಂದುಬಿಟ್ಟಿದ್ದರು.

"ಯಾವ ಅಜ್ಜಾರ್ರಿ? ತಗಣಿ ಸಿಕ್ರೂ ಕೊಲ್ಲದೆ ಚಿಟಿಕ್ಯಾಗ ಹಿಡಿದು ಓಣ್ಯಾಗ ಬಿಟ್ಟು ಬರ್ತಿದ್ರಂತಲ್ಲ, ಅವರಾ?" ಅಂದೆ.

"ಏ, ಸಾಹೇಬ ಸ್ವತಃ ಶಿಕಾರಿ ಅದಾನ. ಅವನ ಮುಂದ ನಮ್ಮ ಮನ್ಯಾಗ ಬರೇ ಬದನಿಕಾಯಿ ಕೊಯ್ದಾರ ಅಂತ ಹೇಳ್ಲೇನು? ನೀ ಸುಮ್ಮ ಇರು. ಅವ್ವನ ಮುಂದ ಶಿಕಾರಿ ಅನ್ನೂ ಶಬ್ದ ಎತ್ತಬ್ಯಾಡ."

ಸಾಹೇಬರು ಬರುತ್ತೇನೆ ಅಂದ ದಿನ ಶ್ರಾವಣ ಸೋಮವಾರವಾಗಿತ್ತು.

ನಮ್ಮತ್ತೆಗೆ ಒಂದು ನೇಮವಿದೆ. ಶ್ರಾವಣ ಸೋಮವಾರ ಮಠದ ಅಯ್ಯನವರಿಗೆ ಉಣಿಸಿದ ಮೇಲೆಯೇ ಅವರ ಊಟ. ಮದುವೆಯಾಗಿ ಬಂದ ವರ್ಷದಿಂದ ತಪ್ಪಿಲ್ಲ. ಒಮ್ಮೆ ರೈಲಿನಲ್ಲಿ ಹೋಗುವಾಗ ಸೋಮವಾರ ಬಂದು, ಕಾಜಿಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ಶ್ರೀಶೈಲಕ್ಕೆ ನಡೆದುಹೋಗಿ ಬಂದ ಮುದುಕರೊಬ್ಬರನ್ನು ಹುಡುಕಿ ಕೂಡಿಸಿ ಬುತ್ತಿ ಉಣಿಸಿದ್ದರಂತೆ. ಅಯ್ಯನವರು ಸಿಗದಿದ್ದರೆ ಕಾಲುನಡಿಗೆಯಲ್ಲಿ ಯಾತ್ರೆ ಮಾಡಿದವರಾದರೂ ಸರಿ ಅಂತ ಅವರ ಅತ್ತೆ ಹೇಳಿಕೊಟ್ಟಿದ್ದರು. ಇಬ್ಬರೂ ಸಿಗದಿದ್ದರೆ ಆ ದಿನ ಊಟವೇ ಇಲ್ಲ.

ಮೊದಲಾದರೆ ಸರಿ, ಈಗ ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕಣ್ಣು ಕತ್ತಲು ಬಂದು ಕೂತಲ್ಲೇ ವಾಲುತ್ತಾರೆ. ಹಿಂದಿನ ಶ್ರಾವಣದಲ್ಲಿ ಅಯ್ಯನವರು ಬರುವುದು ತಡವಾಗಿ ದೇವರ ಮುಂದೆಯೇ ವಾಲಿದ್ದರು. ಪುಣ್ಯಕ್ಕೆ ದೀಪ ಆ ಕಡೆ ಇತ್ತು, ಅವರು ಈ ಕಡೆ ಬಿದ್ದರು. ಅದನ್ನು ನಾನು ಇವತ್ತಿಗೂ ದೇವರ ದಯೆಗಳ ಸಾಲಿನಲ್ಲಿ ಮೊದಲು ನೆನೆಯುತ್ತೇನೆ.

ಆ ಸೋಮವಾರ ಹೋಳಿಗೆ ಬೇಯುವ ಹೊತ್ತಿಗೆ ಅಯ್ಯನವರ ಫೋನು ಬಂತು. ಜಹೀರಾಬಾದಿಗೆ ಗೃಹಪ್ರವೇಶಕ್ಕೆ ಹೋದವರು ಮಳೆಯಲ್ಲಿ ಅಲ್ಲೇ ಸಿಕ್ಕಿಕೊಂಡಿದ್ದರು.

"ಶಿವನ ಇಚ್ಛಾ. ಇವತ್ತು ನನಗ ಊಟ ಇಲ್ಲ ಬಿಡವಾ," ಅಂತ ಅತ್ತೆ ಕುರ್ಚಿಯಲ್ಲಿ ಕೂತರು. ಗುಳಿಗೆ ಆಗಲೇ ಹೊಟ್ಟೆಯಲ್ಲಿತ್ತು.

ಕೆಳಗಿನ ಫ್ಲ್ಯಾಟಿನಾಕೆ ಹೋದ ತಿಂಗಳಷ್ಟೇ ಶ್ರೀಶೈಲಕ್ಕೆ ಹೋಗಿ ಬಂದಿದ್ದಳು. ಆಕೆಯನ್ನು ಕರೆಯಲೇ ಅಂತ ಕೇಳಿದೆ.

"ಹೆಂಗ ಹೋಗಿದ್ಲು?"

"ಏಸಿ ಬಸ್ಸಿನ್ಯಾಗ್ರಿ."

"ಅಕಿ ಯಾತ್ರಿ ಅಲ್ಲವಾ, ಪ್ಯಾಸೆಂಜರ್."

ಹೊತ್ತು ಏರುತ್ತಿತ್ತು. ಅತ್ತೆಯ ತುಟಿ ಒಣಗಿ, ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ಬಾಯಿಗೆ ಒಂದು ಚೂರು ಬೆಲ್ಲವಾದರೂ ಹಾಕಿಕೊಳ್ಳಿ ಅಂದರೆ ತಲೆ ಅಲ್ಲಾಡಿಸಿದರು. ನಾನು ಒಲೆಯ ಮುಂದೆ ನಿಂತು, ಯಪ್ಪಾ ಶಿವನೇ, ನಡೆಯುವಂಥವರನ್ನು ಯಾರನ್ನಾದರೂ ಕಳಿಸು ಅಂತ ಬೇಡಿಕೊಳ್ಳುತ್ತ ಕಟ್ಟಿನ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಗಾಬರಿಯಲ್ಲಿ ಮೆಣಸಿನಕಾಯಿ ಕಪ್ಪಾಯಿತು. ಅದೇ ಗಳಿಗೆಯಲ್ಲಿ ಬಾಗಿಲಲ್ಲಿ ದೊಡ್ಡದೊಂದು ಸೀನು ಕೇಳಿಸಿತು.

ಹೊಸ್ತಿಲ ಮೇಲೆ ಒಂದು ಕಾಲು ಎತ್ತಿಕೊಂಡು ಸಾಹೇಬರು ನಿಂತಿದ್ದರು. ಎತ್ತರದ ಆಳು, ನರೆತ ಗಡ್ಡ, ಬಿಸಿಲಿಗೆ ಸುಟ್ಟು ಕೆಂಪಾದ ಮೋರೆ. ಹಿಂದೆ ನಮ್ಮವರು. ಅಷ್ಟೊತ್ತು ಕಣ್ಣು ಮುಚ್ಚಿ ಕೂತಿದ್ದ ಅತ್ತೆ ಆ ಸೀನಿಗೆ ಎದ್ದು ಬಂದು ಕೈ ಅಡ್ಡ ಹಿಡಿದರು.

"ಸೀನಿದ ಕಾಲ ಒಳಗ ಇಡಬಾರದಪ್ಪಾ. ಅಲ್ಲೇ ಕುಂದರ್ಸು ಅವಗ. ನೀರು ಕುಡಿದು ಬರ್ಲಿ."

ನಮ್ಮವರು ಮೋರೆ ಸಣ್ಣದು ಮಾಡಿಕೊಂಡರು. ಸಾಹೇಬರು ಮಾತ್ರ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು, ನಾನು ಕೊಟ್ಟ ನೀರು ಕುಡಿದರು. ಯಾಕೆ ಅಂತ ಕೇಳಿದರು. ನಾನು ಡಿಗ್ರಿ ಕಾಲೇಜಿನ ಇಂಗ್ಲಿಷನ್ನು ತುಕ್ಕು ಒರೆಸಿ ತೆಗೆದು, ಸೀನು ಬಂದರೆ ಹಿಡಿದ ಕೆಲಸ ಅಲ್ಲಿಗೇ ನಿಲ್ಲಿಸಬೇಕು, ಕೂತು ನೀರು ಕುಡಿದು ಮುಂದುವರಿಯಬೇಕು ಅಂದೆ. ಅವರು ನನ್ನ ಮೋರೆಯನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು ಅಂದರು. ಆಗ ನನಗೆ ಅದು ಅರ್ಥವಾಗಲಿಲ್ಲ.

ಒಳಗೆ ಬಂದು ಕೂತ ಮೇಲೆ ಶೆಡ್ಡಿನಿಂದ ಫೋನು ಬಂತು. ಕರೆಂಟು ಹೋಗಿ ಅಚ್ಚಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ನಮ್ಮವರು ಬಾಲ್ಕನಿಗೆ ಹೋಗಿ ತೆಲುಗಿನಲ್ಲಿ ಕೂಗಾಡತೊಡಗಿದರು. ಸಾಹೇಬರು, ಅತ್ತೆ, ನಾನು, ಶಾಲು ಹೊದ್ದ ಜಿಂಕೆ, ಇಷ್ಟೇ ಜನ ಉಳಿದೆವು. ಮಾತು ಬೇಕಲ್ಲ ಅಂತ ಸಾಹೇಬರು ತಮ್ಮ ಬೇಟೆಯ ಕತೆ ತೆಗೆದರು.

ಅಲ್ಲಿ ಜಿಂಕೆ ಬೇಟೆಗೆ ಚೀಟಿ ಎತ್ತುತ್ತಾರಂತೆ. ಹೆಸರು ಬಂದವರಿಗಷ್ಟೇ ಅಪ್ಪಣೆ. ಇವರ ಹೆಸರು ಬರಲು ವರ್ಷಗಟ್ಟಲೆ ಕಾದರಂತೆ. ಆಮೇಲೆ ಮರುಭೂಮಿಗೆ ಹೋಗಿ, ಕಲ್ಲು ಮುಳ್ಳಿನಲ್ಲಿ ದಿನಗಟ್ಟಲೆ ನಡೆದು, ನಸುಕಿಗೆ ಗುಡ್ಡ ಹತ್ತಿ ದುರ್ಬೀನು ಹಿಡಿದು ಕೂತರಂತೆ. ಸ್ನಾನವಿಲ್ಲ, ಬೆಂಕಿಯಿಲ್ಲ, ಮಾತಿಲ್ಲ. ಒಣ ರೊಟ್ಟಿಯಂಥದ್ದೇನೋ ತಿಂದು ನೆಲದ ಮೇಲೆ ಮಲಗಿದರಂತೆ. ಎಲ್ಲಾ ಒಂದೇ ಒಂದು ದೊಡ್ಡ ಜಿಂಕೆಗಾಗಿ.

"ಏನಂತಾನವಾ ಇಂವ?" ಅಂತ ಅತ್ತೆ ಕೇಳಿದರು.

ಅವರು ಕೂತಲ್ಲೇ ಒಂದು ಕಡೆ ವಾಲತೊಡಗಿದ್ದರು. ಒಲೆಯ ಮೇಲೆ ಹೋಳಿಗೆ ಆರುತ್ತಿತ್ತು. ಶಿವ ಕಳಿಸಿದವನನ್ನು ನಾನು ಹೇಗೆ ವಾಪಸು ಕಳಿಸಲಿ?

"ಯಾತ್ರಿಗಿ ಹೋಗಿದ್ದು ಹೇಳಾಕತ್ತಾರ್ರಿ," ಅಂದೆ.

ಮುಂದಿನದೆಲ್ಲ ಅವರು ಹೇಳಿದ್ದನ್ನೇ ಹೇಳಿದೆ. ಪಾಳಿ ಬರಲು ಕಾದದ್ದು, ನಡೆದದ್ದು, ನೆಲದ ಮೇಲೆ ಮಲಗಿದ್ದು, ಮೌನ ಹಿಡಿದದ್ದು. ಬಂದೂಕಿನ ಮಾತೊಂದನ್ನು ಮಾತ್ರ ಪಲ್ಯದಲ್ಲಿನ ಕರಿಬೇವಿನ ಹಾಗೆ ಎತ್ತಿ ಬದಿಗಿಟ್ಟೆ.

"ಮಾತಾಡಬಾರದಂತೇನು?"

"ಮಾತಾಡಿದ್ರ ಅದು ಕಾಣೂದಿಲ್ಲಂತ್ರಿ."

"ಖರೆ ಐತಿ. ಶ್ರೀಶೈಲಕ್ಕ ಹೋಗೂವಾಗ ನಲ್ಲಮಲ ಅಡವ್ಯಾಗ ನಾವೂ ಮಾತಾಡ್ತಿರಲಿಲ್ಲ. ಯಾವ ದೇವರೈತಿ ಅಲ್ಲಿ?"

"ಒಂದು ಜಿಂಕಿ ಅಂತ್ರಿ. ಮೈಯೆಲ್ಲಾ ವಿಭೂತಿ ಬಣ್ಣ. ಅದು ಕಂಡ್ರ ಜನ್ಮ ಸಾರ್ಥಕ ಅಂತಾರ ಅವರ ಮಂದಿ."

ಸಾಹೇಬರು ಫೋನಿನಲ್ಲಿ ಫೋಟೊ ತೋರಿಸಿದರು. ಬೋಳು ಗುಡ್ಡ, ಕುರುಚಲು ಗಿಡ, ದೂರದಲ್ಲಿ ಕೊಂಬೆತ್ತಿ ನಿಂತ ಒಂದು ಜೀವ. ಇನ್ನೊಂದರಲ್ಲಿ ಅವರೇ, ಹೊಲಸು ಬಟ್ಟೆ, ತುಟಿ ಸೀಳಿ ರಕ್ತ ಹೆಪ್ಪುಗಟ್ಟಿದ್ದು. ಅತ್ತೆ ಕನ್ನಡಕ ಏರಿಸಿ ಎರಡನೆಯದನ್ನು ಭಾಳ ಹೊತ್ತು ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, ಸಾಹೇಬರ ಬೂಟು ಬಿಚ್ಚಿದ ಕಾಲುಗಳನ್ನು ನೋಡಿದರು. ಹಿಮ್ಮಡಿ ಒಡೆದು ಗಟ್ಟಿಯಾಗಿತ್ತು.

"ನಡದ ಕಾಲು ಅದಾವು," ಅಂದರು. "ಎಡಿ ಮಾಡವಾ."

ಸಾಹೇಬರ ಹಣೆಗೆ ವಿಭೂತಿ ಬಿತ್ತು. ಕೈಗೆ ಅತ್ತೆಯೇ ನೀರು ಹಾಕಿದರು. ಇದು ಈ ಊರಿನ ಪದ್ಧತಿ ಇರಬೇಕು ಅಂತ ಅವರು ತಲೆ ಬಾಗಿಸಿ ಎಲ್ಲಕ್ಕೂ ಒಪ್ಪಿದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಹೋಳಿಗೆ, ಮೇಲೆ ತುಪ್ಪ. ಅವರು ಮೊದಲ ತುತ್ತು ಬಾಯಿಗಿಟ್ಟದ್ದನ್ನು ನೋಡಿ ಅತ್ತೆ ಕೈಮುಗಿದು, ತಮ್ಮ ತಾಟಿನ ಮುಂದೆ ಕೂತರು. ಅವರ ಬಾಯಿಗೆ ಅನ್ನ ಹೋದಾಗ ನನ್ನ ಎದೆಯ ಭಾರ ಇಳಿಯಿತು. ಒಂದು ಕ್ಷಣಕ್ಕೆ ಮಾತ್ರ. ಏಕೆಂದರೆ ಹಗುರಾದ ಎದೆಯೊಳಗೆ ಆಮೇಲಿನ ವಿಚಾರ ಬಂತು. ಕೊಂದ ಕೈಗೆ ನೀರು ಹಾಕಿ ನೇಮ ಮುಗಿಸಿದ್ದು ಇವರಿಗೆ ಗೊತ್ತಾದರೆ? ಉಂಡದ್ದನ್ನು ಹೊರಗೆ ಹಾಕಿ ಶ್ರಾವಣ ಮುಗಿಯುವತನಕ ಪ್ರಾಯಶ್ಚಿತ್ತ ಅಂತ ಕೂಡುವವರು ಅವರು.

ಅಷ್ಟರಲ್ಲಿ ಸಾಹೇಬರಿಗೆ ನಮ್ಮವರ ಅಜ್ಜ ನೆನಪಾದರು. ನಿಮ್ಮ ಮನೆಯ ಶಿಕಾರಿಯ ಬಗ್ಗೆ ತಾಯಿಯವರನ್ನು ಕೇಳಿ ಹೇಳಿ ಅಂದರು. ಬಾಲ್ಕನಿಯಲ್ಲಿ ಕೂಗಾಟ ಇನ್ನೂ ನಡೆದಿತ್ತು, ಬಿಡಿಸುವವರು ಇರಲಿಲ್ಲ.

"ನಿಮ್ಮ ಮಾವನೋರು ಅಡವ್ಯಾಗ ಹೆಂಗ ಅಡ್ಡಾಡ್ತಿದ್ರು ಅಂತ ಕೇಳ್ತಾರ್ರಿ ಅತ್ತಿ."

ಅತ್ತೆಯ ಮೋರೆ ಅರಳಿತು. "ಅವರಾ? ಯುಗಾದಿ ಬಂತಂದ್ರ ಶ್ರೀಶೈಲಕ್ಕ ನಡದು ಹೋಗಾವ್ರು. ಒಂದ್ಸಲ ದಾರ್ಯಾಗ ಹುಲಿ ಅಡ್ಡ ನಿಂತಿತ್ತಂತ. ಇವರು ನಿಂತು, ಊಟ ಆತೇನಪಾ ಅಂತ ಕೇಳಿದ್ರಂತ. ಹುಲಿ ಮಾರಿ ನೋಡಿ ಹೊಂಟ ಹೋತಂತ."

ನಾನು ಸಾಹೇಬರಿಗೆ ಹೇಳಿದೆ: ಅಜ್ಜ ಪ್ರತಿ ವರ್ಷ ಹುಲಿಯ ಅಡವಿಗೆ ನಡೆದು ಹೋಗುತ್ತಿದ್ದರು. ಒಮ್ಮೆ ಹುಲಿ ಎದುರಿಗೇ ಬಂತು.

ಹೊಡೆದರೇ ಅಂತ ಅವರು ಕೇಳಿದರು.

ಇಲ್ಲ, ಹುಲಿ ಹೋಯಿತು ಅಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ಅಂತ ದೇವರ ಮುಂದೆ ಇವತ್ತೂ ಹೇಳಬಲ್ಲೆ.

ಸಾಹೇಬರ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಅವರು ಶಾಲು ಹೊದ್ದ ಜಿಂಕೆಯ ಕಡೆ ನೋಡತೊಡಗಿದರು. ಅವರ ನೋಟ ಹಿಡಿದು ಅತ್ತೆಯೂ ಅದೇ ಕಡೆ ತಿರುಗಿದರು, ಎಷ್ಟೋ ದಿನಗಳ ಮೇಲೆ ಮೊದಲ ಸಲ.

"ಅಲ್ಲವಾ, ಇವರಿಗಿ ಕಂಡ ಆ ಜಿಂಕಿ ಈಗ ಎಲ್ಲೈತಿ, ಕೇಳು."

ಇದಕ್ಕೇ ನಾನು ಹೆದರಿದ್ದು. ಕೇಳದೆ ಏನಾದರೂ ಹೇಳಿಬಿಡಬಹುದಿತ್ತು. ಆದರೆ ಬದಿಗಿಡುವುದು ಬೇರೆ, ಬೇರೆಯದನ್ನೇ ಬಡಿಸುವುದು ಬೇರೆ. ಇದ್ದದ್ದನ್ನು ಇದ್ದ ಹಾಗೇ ಕೇಳಿದೆ.

ಸಾಹೇಬರು ಬಾಲ್ಕನಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಹುಲಿಯ ಹಾಗೆ ನನ್ನದೂ ಹೋಯಿತು ಅಂದರು.

ದುರ್ಬೀನಿನಲ್ಲಿ ಅಲ್ಲ, ಬಂದೂಕಿನ ಕಣ್ಣಲ್ಲೇ ಹಿಡಿದಿದ್ದರಂತೆ. ಬೆರಳು ಬಂದೂಕಿನ ಕುದುರೆಯ ಮೇಲಿತ್ತಂತೆ. ಆಗ ಮೂಗಿನೊಳಗೆ ಧೂಳು ಹೋಗಿ ಒಂದು ಸೀನು. ಜಿಂಕೆ ತಲೆ ಅಲುಗಿಸಲಿಲ್ಲ, ಎಡಗಿವಿಯನ್ನು ಮಾತ್ರ ಪೂರಾ ಹಿಂದಕ್ಕೆ ತಿರುಗಿಸಿತು. ಅದಾದ ಮೇಲೂ ಇವರು ಹೊಡೆದರು. ಗುಂಡು ಮಣ್ಣಿಗೆ ಬಿತ್ತು, ಜಿಂಕೆ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಚೆಂಡಿನ ಹಾಗೆ ಪುಟಿಯುತ್ತ ಗುಡ್ಡ ದಾಟಿತು. ಅದಕ್ಕಾಗಿ ಮನೆಯ ಗೋಡೆಯಲ್ಲಿ ಜಾಗ ಬಿಟ್ಟಿದ್ದರಂತೆ, ಮೊಳೆ ಸಹ ಹೊಡೆದು ಹೋಗಿದ್ದರಂತೆ. ಗೆಳೆಯರು ಊಟಕ್ಕೆ ಬರುವುದರೊಳಗೆ ಆ ಮೊಳೆಗೆ ಏನಾದರೂ ತೂಗಬೇಕು. ಅಂಗಡಿಗೆ ಬೇಕಾದ ತಲೆಗಳು ಹೇಗಿದ್ದರೂ ನಡೆಯುತ್ತವೆ, ಈ ಒಂದು ಮಾತ್ರ ಅದೇ ಜಿಂಕೆ ಆಗಬೇಕು ಅಂದರು. ತುಟಿಯ ಮೇಲೆ ಬೆರಳಿಟ್ಟು, ನಿಮ್ಮ ಯಜಮಾನರಿಗೆ ಹೇಳಬೇಡಿ, ಅವರು ಶಿಕಾರಿಯ ಮೊಮ್ಮಗ ಅಂದರು.

ಹೇಳುವುದಿಲ್ಲ ಅಂದು, ನಗು ತಡೆಯಲು ನಾನು ಮಜ್ಜಿಗೆ ತರುವ ನೆಪ ಮಾಡಿ ಒಳಗೆ ಹೋಗಬೇಕಾಯಿತು. ತಿರುಗಿ ಬಂದು ಅತ್ತೆಗೆ ಗಟ್ಟಿಯಾಗಿ, ಏನನ್ನೂ ಎತ್ತಿ ಬದಿಗಿಡುವ ಪ್ರಮೇಯವಿಲ್ಲದ ಹಾಗೆ ಹೇಳಿದೆ: "ಜಿಂಕಿ ಅಲ್ಲೇ ಐತಂತ್ರಿ, ಅದರ ಗುಡ್ಡದಾಗ. ಇವರು ಸೀನಿದ್ರಂತ. ಅದು ಕಿವಿ ಹಿಂದ ಮಾಡಿ ಕೇಳಿ, ಆಚಿಗಿ ಜಿಗದು ಹೋತಂತ."

ಬಂದೂಕು ಆಗಲೂ ಬರಲಿಲ್ಲ ನಿಜ. ಆದರೆ ಮಣ್ಣಿಗೆ ಬಿದ್ದ ಗುಂಡಿನ ಸುದ್ದಿ ಮಣ್ಣಿನಲ್ಲೇ ಇರಲಿ.

ಅತ್ತೆ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. "ಸೀನಿದ ಮ್ಯಾಲೆ ಕುಂತು ನೀರು ಕುಡದ್ನೋ ಇಲ್ಲೋ?"

"ಇಲ್ಲಂತ್ರಿ."

"ಅದಕ್ಕ ಹೋಗೇತಿ. ಇವನ ತಾಯಿ ಏನೂ ಹೇಳಿಕೊಟ್ಟಿಲ್ಲೇನು? ಪಾಪ, ಅಷ್ಟು ನಡದು ಅರ್ಧಾ ದರ್ಶನ ಆತು." ಅಂದು ಸಾಹೇಬರ ತಾಟಿಗೆ ತಮ್ಮ ಕೈಯಿಂದಲೇ ಇನ್ನೊಂದು ಹೋಳಿಗೆ ಹಾಕಿದರು.

ನಮ್ಮವರು ಒಳಗೆ ಬಂದವರೇ ನಿಂತುಬಿಟ್ಟರು. ಬೇಟೆಗಾರನ ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಪಕ್ಕದಲ್ಲಿ ತೃಪ್ತಿಯಿಂದ ಉಣ್ಣುತ್ತಿರುವ ಅವ್ವ. ನನ್ನ ಕಡೆ ಹುಬ್ಬು ಹಾರಿಸಿದರು. ನಾನು ಕಂಡೂ ಕಾಣದ ಹಾಗೆ ಜಿಂಕೆಯ ಶಾಲು ತೆಗೆದೆ.

ಸಾಹೇಬರು ಕೈ ತೊಳೆದು ಎದುರಿಗೆ ಹೋಗಿ ನಿಂತರು. ಮುಟ್ಟಲಿಲ್ಲ, ಅಳೆಯಲಿಲ್ಲ. ಎಡಗಿವಿಯನ್ನು ನೋಡಿ ತಲೆಯಾಡಿಸಿ, ಇದೇ ಅಂದರು. ಅತ್ತೆ ಅವರ ಮೊಳಕೈ ಹತ್ತಿರ ಬಂದು ಕತ್ತು ಎತ್ತಿ ನೋಡಿದರು.

"ಸತ್ತಿಲ್ಲ ಅದು, ಕೇಳಸ್ಕೋತ ನಿಂತೈತಿ. ನಾ ಮದ್ಲೇ ನೋಡಬೇಕಿತ್ತು," ಅಂದರು.

ಆರ್ಡರು ಬಂತು. ಅಜ್ಜನ ಶಿಕಾರಿಯ ಮಾತಿಗೆ ಸಾಹೇಬ ಮರುಳಾದ ಅಂತ ನಮ್ಮವರು ಇವತ್ತಿಗೂ ಮೀಸೆ ತಿರುವುತ್ತಾರೆ. ನಾನು ಹೂಂ ಅನ್ನುತ್ತೇನೆ. ಸಾಹೇಬರಿಗೆ ಮಾತು ಕೊಟ್ಟಿದ್ದೇನಲ್ಲ.

ಸಾಹೇಬರು ಪ್ರತಿ ಶ್ರಾವಣಕ್ಕೆ ಅತ್ತೆಯ ಕ್ಷೇಮ ಕೇಳಿ ಸಂದೇಶ ಕಳಿಸುತ್ತಾರೆ, ಜೊತೆಗೆ ಈ ಸಲವೂ ಚೀಟಿಗೆ ಹೆಸರು ಹಾಕಿದ್ದೇನೆ ಅಂತ ಬರೆಯುತ್ತಾರೆ. ಅದನ್ನು ಓದಿ ಹೇಳಿದಾಗಲೆಲ್ಲ ಅತ್ತೆ ದೇವರ ಮುಂದೆ ಕೂತು, ಆ ಯಾತ್ರಿ ಸಾಹೇಬನ ಪಾಳಿ ಬರಲಿ, ಪೂರಾ ದರ್ಶನ ಆಗಲಿ ಅಂತ ಬೇಡುತ್ತಾರೆ. ಅವರು ಎದ್ದು ಹೋದ ಮೇಲೆ ನಾನು ಅದೇ ದೀಪದ ಮುಂದೆ ಒಂದು ಊದಿನಕಡ್ಡಿ ಹೆಚ್ಚು ಹಚ್ಚಿ, ಬರದಿರಲಿ ಅಂತ ಬೇಡುತ್ತೇನೆ. ಇಲ್ಲಿಯತನಕ ಹೆಸರು ಬಂದಿಲ್ಲ. ಅತ್ತೆಯ ಭಕ್ತಿಯ ಮುಂದೆ ನನ್ನದೇನು, ಜಿಂಕೆಯೂ ತನ್ನ ಪಾಲಿನದನ್ನು ಬೇಡುತ್ತಿರಬೇಕು.

ಚೀಟಿಯಲ್ಲಿ ಹೆಸರು ಬಂದೇ ಬಿಟ್ಟರೆ ಅಂತ ಆ ದಿನವೇ ನಾನು ಒಂದು ವ್ಯವಸ್ಥೆ ಮಾಡಿಟ್ಟಿದ್ದೇನೆ. ಹೊರಡುವಾಗ ಅವರ ಚೀಲಕ್ಕೆ ನಮ್ಮ ಮನೆಯ ಶೇಂಗಾ ಹಿಂಡಿಯ ಡಬ್ಬಿ ಹಾಕಿದೆ. ಬ್ಯಾಡಗಿ ಮೆಣಸಿನಕಾಯಿಯ ಜೊತೆಗೆ ಗುಂಟೂರಿನದನ್ನೂ ಕೈಬಿಚ್ಚಿ ಹಾಕಿ ಕುಟ್ಟಿದ್ದು. ಮುಚ್ಚಳ ತೆಗೆದರೆ ಪಕ್ಕದ ಫ್ಲ್ಯಾಟಿನವರೂ ಸೀನುತ್ತಾರೆ. ಇದು ಬಹುಕಾಲ ಕೆಡುವುದಿಲ್ಲ, ಗುಡ್ಡದ ಮೇಲೆ ಕಾಯುತ್ತ ಕೂಡುವಾಗ ಒಣರೊಟ್ಟಿಗೆ ಹಚ್ಚಿಕೊಂಡು ತಿನ್ನಿ ಅಂದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅದಕ್ಕಾಗಿಯೇ ಎತ್ತಿಡುತ್ತೇನೆ ಅಂದರು.

"ಪ್ರಸಾದ ಕಟ್ಟಿದ್ದು ಚೊಲೋ ಮಾಡಿದಿವಾ," ಅಂದರು ಅತ್ತೆ.